ಬೆರಕೆಸೊಪ್ಪಿನ ವಿಚಾರ

ಹಳೆಯ ಮೈಸೂರು ರಸ್ತೆಯಲ್ಲಿ ರಾಮನಗರದಿಂದ ಚನ್ನಪಟ್ಟಣಕ್ಕೆ ಹೋಗುವವರು ಕೆಂಗಲ್ಲಿನ ಆಂಜನೇಯಸ್ವಾಮಿಗೆ ಕೈಮುಗಿಯದೆ ಮುಂದೆ ಹೋಗುವುದು ವಿರಳ. (2023ರಲ್ಲಿ ತೆರೆದ ಹೊಸ ಹೆದ್ದಾರಿಯು ಊರುಗಳನ್ನು ಬಳಸಿಕೊಂಡು ಹೋಗುವುದರಿಂದ ಈ ಮಾತು ಇನ್ನೆಷ್ಟು ಕಾಲ ಸಲ್ಲುವುದೋ!) ಆ ಗುಡಿಯ ಸುತ್ತಣ ಸೀಮೆಯ ಹೊಲಗಳಲ್ಲಿ ಯಾರೂ ಬಿತ್ತದೆ ಬರುವ ಬೆಳೆಯೊಂದುಂಟು. ಅದರ ವಿಚಾರವಾಗಿ ನಾಲ್ಕು ಮಾತು ಹೇಳಬೇಕೆಂದಿದ್ದೇವೆ.

ಬೆರಕೆಸೊಪ್ಪೆಂಬುದು ಒಂದು ಗಿಡದ ಹೆಸರಲ್ಲ. ಮುಂಗಾರು ಹಿಡಿದು ರಾಗಿಯ ಪೈರು ಗೇಣುದ್ದವಾಗುವ ಹೊತ್ತಿಗೆ ಸಾಲುಗಳ ನಡುವೆ ಅಣ್ಣೆ, ಕೀರೆ, ಗೋಣಿ, ಗಣಿಕೆ, ತಗಚೆ ಮೊದಲಾದವು ತಾವಾಗಿ ಏಳುತ್ತವೆ. ವ್ಯವಸಾಯಶಾಸ್ತ್ರಕ್ಕೆ ಇವೆಲ್ಲವೂ ಕಳೆ. ಕಳೆ ಕೀಳಲು ಬಂದ ಹೆಂಗಸಿಗಾದರೋ ಕೆಲವು ಬದುವಿಗೆ ಎಸೆಯತಕ್ಕವು, ಕೆಲವು ಮಡಿಲಿಗೆ ಹಾಕಿಕೊಳ್ಳತಕ್ಕವು. ಅಣ್ಣೆ ತೆನೆಗಟ್ಟುವುದಕ್ಕೆ ಮುಂಚೆ ಮಾತ್ರ ರುಚಿ. ತಗಚೆ ಬಲಿತರೆ ನಾತ. ಈ ವಿವೇಚನೆ ಆಕೆಯ ಬೆರಳಿನಲ್ಲಿಯೇ ಇದೆ.

ಇವುಗಳನ್ನು ಬೆರಸುವುದು ಬಡತನದ ಉಪಾಯವೆಂದು ವಿದ್ಯಾವಂತರೆನಿಸಿಕೊಂಡ ನಾವು ಭಾವಿಸುವುದುಂಟು. ಅದು ಸರಿಯಲ್ಲ. ಗೋಣಿ ಹುಳಿ, ಕೊಂಚ ಲೋಳೆ, ಗಣಿಕೆ ಕಹಿ, ಅಣ್ಣೆ ಸಪ್ಪೆ. ಒಂದರ ದೋಷವನ್ನು ಮತ್ತೊಂದು ತಿದ್ದುತ್ತದೆ. ಯಾವುದು ಎಷ್ಟು ಹಿಡಿ ಎಂಬುದರಲ್ಲಿಯೇ ಅಡುಗೆಯವಳ ಜಾಣತನವೆಲ್ಲ.

ಮುಂದಿನದು ಬಸ್ಸಾರು. ತೊಗರಿಬೇಳೆಯನ್ನೋ ಹುರುಳಿಯನ್ನೋ ಮುಕ್ಕಾಲು ಬೇಯಿಸಿ, ಸೊಪ್ಪು ಹಾಕಿ, ಬೆಂದಮೇಲೆ ಕಟ್ಟನ್ನು ಬಸಿದುಕೊಳ್ಳುತ್ತಾರೆ. ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಮೆಣಸು, ಜೀರಿಗೆ, ಒಣಮೆಣಸಿನಕಾಯಿ, ಹುಣಿಸೆಹಣ್ಣುಗಳೊಡನೆ ಒಂದು ಹಿಡಿ ಬೆಂದ ಸೊಪ್ಪನ್ನೂ ಸೇರಿಸಿ ಅರೆದು ಕಟ್ಟಿನಲ್ಲಿ ಕುದಿಸಿದರೆ ಸಾರು; ಉಳಿದ ಸೊಪ್ಪುಕಾಳಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ನೀರಿನಲ್ಲಿ ಕರಗುವ ಜೀವಸತ್ವಗಳಲ್ಲಿ ಕಾವಿಗೆ ನಾಶವಾಗದೆ ಉಳಿದವು ಚೆಲ್ಲಿಹೋಗದೆ ಸಾರಿನಲ್ಲಿಯೇ ನಿಲ್ಲುತ್ತವೆ. ಇದನ್ನು ಕೂಡಿಕೊಳ್ಳುವ ಮುದ್ದೆಯೂ ಸಾಮಾನ್ಯವಲ್ಲ: 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಆದರೆ ಕೀರೆ, ಗೋಣಿಗಳ ಆಕ್ಸಲೇಟೂ ಅದೇ ಕಟ್ಟಿಗೆ ಇಳಿಯುವುದರಿಂದ, ಮೂತ್ರಪಿಂಡದಲ್ಲಿ ಕಲ್ಲಿನ ತೊಂದರೆಯುಳ್ಳವರು ವೈದ್ಯರನ್ನು ಕೇಳಿ ಉಣ್ಣುವುದು ಲೇಸು.

ಈ ಸೊಪ್ಪಿಗೆ ಒದಗಿರುವ ಕುತ್ತು ಬೇರೆ. 1940ರ ದಶಕದಲ್ಲಿ ಹೊರದೇಶಗಳಲ್ಲಿ ಬಳಕೆಗೆ ಬಂದ ‘2,4-ಡಿ’ ಎಂಬ ಕಳೆನಾಶಕವು ಹುಲ್ಲಿನ ಜಾತಿಯ ಪೈರನ್ನು ಬಿಟ್ಟು ಅಗಲವಾದ ಎಲೆಯ ಗಿಡಗಳನ್ನು ಕೊಲ್ಲುತ್ತದೆ. ರಾಗಿ ಹುಲ್ಲಿನ ಜಾತಿ. ಮೇಲೆ ಹೇಳಿದ ಸೊಪ್ಪುಗಳೆಲ್ಲ ಅಗಲ ಎಲೆಯವು. ಅಂದರೆ ಔಷಧಿಯು ಆರಿಸಿ ಕೊಲ್ಲುವುದು ಮಡಿಲಿಗೆ ಬೀಳತಕ್ಕದ್ದನ್ನೇ. ಕೂಲಿಯಾಳು ಸಿಕ್ಕದ ರೈತನನ್ನು ನಾವು ದೂರಲಾರೆವು. ಆದರೂ ಒಂದು ಮಾತು ನೆನಪಿನಲ್ಲಿಡಬೇಕು. ಯಾರ ಹೊಲದಲ್ಲಿಯಾದರೂ ಇಳಿದು ಸೊಪ್ಪು ಕುಯ್ದುಕೊಳ್ಳುವುದಕ್ಕೆ ಭೂಮಿಯಿಲ್ಲದವಳಿಗೆ ಅಡ್ಡಿಯಿರಲಿಲ್ಲ; ಒಡೆಯನನ್ನು ಕೇಳುವ ವಾಡಿಕೆಯೂ ಇರಲಿಲ್ಲ. ಔಷಧಿ ಹೊಡೆದ ಹೊಲ ಯಾವುದು, ಹೊಡೆಯದ ಹೊಲ ಯಾವುದು ಎಂಬುದು ತಿಳಿಯದ ಕಡೆ ಆಕೆ ಬರಿಗೈಯಲ್ಲಿ ಹಿಂದಿರುಗಬೇಕು, ಇಲ್ಲವೆ ಮಕ್ಕಳಿಗೆ ವಿಷದ ಶಂಕೆಯ ಅನ್ನವಿಕ್ಕಬೇಕು. ಹಿಪ್ಪುನೇರಳೆಯ ತೋಟದವನು ಸೊಪ್ಪಿಗೆ ಔಷಧಿ ತಗುಲಿದರೆ ರೇಷ್ಮೆಹುಳು ಸಾಯುವುದೆಂದು ಎಚ್ಚರದಿಂದಿರುತ್ತಾನೆ; ಹುಳುವಿಗೆ ಸಿಕ್ಕುವ ಎಚ್ಚರಿಕೆ ನೆರೆಯವಳಿಗೂ ಸಿಕ್ಕಬಾರದೆ?

ಪಟ್ಟಣದವರು ಹಿತ್ತಿಲಿನ ಒಂದು ಮೂಲೆಯನ್ನು ಗುದ್ದಲಿಯಿಂದ ಕಾಪಾಡಿದರೆ ಸಾಕು, ಮೊದಲ ಮಳೆಗೆ ಎರಡು ಮೂರು ಬಗೆಯಾದರೂ ಏಳುತ್ತವೆ. ಚರಂಡಿಯ ಅಂಚಿನದನ್ನೂ ಗುರುತು ಸಿಕ್ಕದ ಎಲೆಯನ್ನೂ ಮುಟ್ಟಬೇಡಿ. ಹಳ್ಳಿಯಿಂದ ಬಂದ ಅಜ್ಜಿಯೊಬ್ಬರಿಗೆ ತೋರಿಸಿ ಹೆಸರು ಕೇಳಿಕೊಳ್ಳಿ. ಮೊದಲಿಗೆ ಗೋಣಿಸೊಪ್ಪು ಸುಲಭ. ಕಿತ್ತ ದಂಟನ್ನು ಒದ್ದೆ ಮಣ್ಣಿನ ಮೇಲೆ ಎಸೆದರೂ ಬೇರು ಬಿಟ್ಟು ಚಿಗುರುತ್ತದೆ.