ಇ-ಮೇಲ್ ರವಾನೆಗೆ ಮಿತಿ ಏಕೆ?

ದೀಪಾವಳಿಯ ಅಮಾವಾಸ್ಯೆ ಕಳೆದೊಡನೆ ಗುಜರಾತಿನ ವರ್ತಕರಿಗೆ ಹೊಸ ವರ್ಷವು ಆರಂಭವಾಗುತ್ತದೆ. ಲಾಭಪಂಚಮಿಯಂದು ಅಂಗಡಿಗಳನ್ನು ಪುನಃ ತೆರೆಯುವ ಮುನ್ನ ಗಿರಾಕಿಗಳಿಗೆ ಶುಭಾಶಯ ತಿಳಿಸುವುದು ಅಲ್ಲಿನ ವಾಡಿಕೆ. ಸೂರತ್ ನಗರದ ರಿಂಗ್ ರಸ್ತೆಯ ಜವಳಿ ವರ್ತಕರೊಬ್ಬರು, ಬೆಂಗಳೂರಿನ ಚಿಕ್ಕಪೇಟೆಯವರೂ ಸೇರಿದಂತೆ ತಮ್ಮ 3,000 ಗಿರಾಕಿಗಳಿಗೆ ಒಮ್ಮೆಲೇ ಇ-ಮೇಲ್ ಕಳುಹಿಸಲು ತೊಡಗಿದರೆಂದು ಭಾವಿಸೋಣ. ಕೆಲವು ನೂರು ಪತ್ರಗಳು ಹೋದ ಬಳಿಕ ‘ಮಿತಿ ಮೀರಿದೆ, ಅನಂತರ ಪ್ರಯತ್ನಿಸಿ’ ಎಂಬರ್ಥದ ಉತ್ತರವು ಬರುತ್ತದೆ. ಯಂತ್ರವು ಕೆಟ್ಟಿದೆಯೆಂದು ಅವರು ತಿಳಿಯಬಹುದು. ವಾಸ್ತವವಾಗಿ ಅದು ತನಗೆ ವಹಿಸಿದ ಕೆಲಸವನ್ನೇ ಮಾಡುತ್ತಿದೆ.

ಇ-ಮೇಲ್ ನಮ್ಮ ಗಣಕಯಂತ್ರದಿಂದ ನೇರವಾಗಿ ವಿಳಾಸದಾರರನ್ನು ತಲುಪುವುದಿಲ್ಲ. ನಡುವೆ ಸರ್ವರ್ ಎಂಬ ಯಂತ್ರವು ಅಂಚೆ ಕಚೇರಿಯಂತೆ ಪತ್ರಗಳನ್ನು ಸ್ವೀಕರಿಸಿ ಮುಂದಕ್ಕೆ ಸಾಗಿಸುತ್ತದೆ. ಕಾಗದದ ಅಂಚೆಯಲ್ಲಿ ಲಕೋಟೆಯ ಬೆಲೆಯೇ ಒಂದು ಮಿತಿ. ಇಲ್ಲಿ ಆ ತಡೆಯಿಲ್ಲ. 1978ರ ಮೇ ತಿಂಗಳಿನಲ್ಲಿ ಅಮೆರಿಕದ ಗಣಕಯಂತ್ರ ಕಂಪನಿಯೊಂದರ ಮಾರಾಟಾಧಿಕಾರಿ ಗ್ಯಾರಿ ಥೂರ್ಕ್ ಸುಮಾರು 400 ಮಂದಿಗೆ ಒಂದೇ ಜಾಹೀರಾತನ್ನು ಕಳುಹಿಸಿ ಆಕ್ಷೇಪಣೆಗೆ ಗುರಿಯಾದರು. ಇಂದು ಅನೇಕ ವೇಳೆ, ಕಳುಹಿಸುವವರಿಗೇ ಸಂಗತಿ ತಿಳಿದಿರುವುದಿಲ್ಲ. ವೈರಸ್ ಹೊಕ್ಕ ಗಣಕಯಂತ್ರವು ಒಡೆಯನ ಅರಿವಿಲ್ಲದೆ ಸಾವಿರಾರು ವಂಚಕ ಪತ್ರಗಳನ್ನು ಹೊರಗಟ್ಟುತ್ತದೆ.

ಇದರ ದಂಡವನ್ನು ತೆರುವವರು ಬೇರೆಯವರು. 1998ರಲ್ಲಿ ಸ್ಥಾಪನೆಯಾದ ಸ್ಪ್ಯಾಮ್‌ಹೌಸ್‌ನಂತಹ ಸಂಸ್ಥೆಗಳು ಇಂತಹ ಸರ್ವರುಗಳ ವಿಳಾಸವನ್ನು ಕಪ್ಪುಪಟ್ಟಿಗೆ ಸೇರಿಸುತ್ತವೆ. ಅನಂತರ ಅದೇ ಸರ್ವರನ್ನು ಆಶ್ರಯಿಸಿದ ಅಹಮದಾಬಾದಿನ ಆಸ್ಪತ್ರೆಯ ತಪಾಸಣಾ ವರದಿಯಾಗಲಿ, ವಡೋದರದ ಕಾರ್ಖಾನೆಯ ಟೆಂಡರ್ ಪತ್ರವಾಗಲಿ ತಿರಸ್ಕೃತವಾಗಬಹುದು. ಟೆಂಡರಿನ ಗಡುವು ಮಾತ್ರ ಯಾರಿಗಾಗಿಯೂ ಕಾಯುವುದಿಲ್ಲ.

ಆದುದರಿಂದ, ಪ್ರತಿಯೊಂದು ಯಂತ್ರವು ಗೊತ್ತುಪಡಿಸಿದ ಅವಧಿಯಲ್ಲಿ ಎಷ್ಟು ಪತ್ರಗಳನ್ನು ಒಪ್ಪಿಸಬಹುದೆಂಬುದಕ್ಕೆ ಮಿತಿಯನ್ನು ವಿಧಿಸಲಾಗುತ್ತದೆ. ಬಹಳ ಕಡೆ ಬಳಕೆಯಲ್ಲಿರುವ ಪೋಸ್ಟ್‌ಫಿಕ್ಸ್ ತಂತ್ರಾಂಶದಲ್ಲಿ ಈ ಎಣಿಕೆಯ ಅವಧಿಯು ಸಾಮಾನ್ಯವಾಗಿ 60 ಸೆಕೆಂಡು. ಮಿತಿ ಮೀರಿದಾಗ 450 ಎಂಬ ಸಂಖ್ಯೆಯ ಉತ್ತರವು ಬರುತ್ತದೆ. ನಾಲ್ಕರಿಂದ ಮೊದಲಾಗುವ ಸಂಖ್ಯೆಯು ತಾತ್ಕಾಲಿಕ ನಿರಾಕರಣೆಯನ್ನು, ಐದರಿಂದ ಮೊದಲಾಗುವುದು ಕಡೆಯ ನಿರಾಕರಣೆಯನ್ನು ಸೂಚಿಸುತ್ತದೆ. ಜಿಮೇಲ್ ದಿನದ ಲೆಕ್ಕವನ್ನು ಇಡುತ್ತದೆ: ಸಾಮಾನ್ಯ ಖಾತೆಗೆ 500.

ಮಿತಿಯನ್ನು ಎಲ್ಲಿ ಇರಿಸಬೇಕೆಂಬುದು ಸುಲಭದ ಪ್ರಶ್ನೆಯಲ್ಲ. ಇದು ದುರುಪಯೋಗವನ್ನು ತಡೆಯಲೆಂದೇ ಹೊರತು ನ್ಯಾಯವಾದ ಪತ್ರವ್ಯವಹಾರವನ್ನು ಹತೋಟಿಯಲ್ಲಿಡಲು ಅಲ್ಲವೆಂದು ಪೋಸ್ಟ್‌ಫಿಕ್ಸ್‌ನ ಕೈಪಿಡಿಯೇ ಎಚ್ಚರಿಸುತ್ತದೆ. ಜವಳಿ ಮಾರುಕಟ್ಟೆಯ ಒಂದೇ ಕಟ್ಟಡದ ಹತ್ತಾರು ಅಂಗಡಿಗಳು ಒಂದೇ ಅಂತರ್ಜಾಲ ಸಂಪರ್ಕವನ್ನು ಹಂಚಿಕೊಂಡಿದ್ದರೆ ಹೊರಗಿನ ಸರ್ವರಿಗೆ ಅವೆಲ್ಲವೂ ಒಂದೇ ಯಂತ್ರವಾಗಿ ಕಾಣುತ್ತವೆ. ಒಬ್ಬರ ಆತುರಕ್ಕೆ ಎಲ್ಲರೂ ಕಾಯಬೇಕಾಗುತ್ತದೆ. ಬಳಕೆದಾರರ ಹೆಸರಿನ ಮೇಲೆ ಎಣಿಸುವುದು ಇದಕ್ಕಿಂತ ಮೇಲು. ಇನ್ನೊಂದು ಲೋಪವು ಅಷ್ಟಾಗಿ ಗಮನಕ್ಕೆ ಬರುವುದಿಲ್ಲ. ಆಡಳಿತಗಾರರು ಬದಲಾಯಿಸದ ಹೊರತು ಪೋಸ್ಟ್‌ಫಿಕ್ಸ್ ತನ್ನದೇ ಜಾಲದ ಯಂತ್ರಗಳಿಗೆ ಈ ಮಿತಿಯಿಂದ ವಿನಾಯಿತಿ ನೀಡುತ್ತದೆ. ವೈರಸ್ ಕಚೇರಿಯೊಳಗಿನ ಗಣಕಯಂತ್ರವನ್ನೇ ಹೊಕ್ಕರೆ ಬೇಲಿ ಇದ್ದೂ ಇಲ್ಲದಂತೆ.

ಮೊಬೈಲ್ ಸಂದೇಶಗಳ ವಿಷಯದಲ್ಲಿಯೂ ನಮ್ಮ ದೇಶವು ಇಂತಹ ಅನುಭವವನ್ನು ಕಂಡಿದೆ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು 2011ರ ಸೆಪ್ಟೆಂಬರಿನಲ್ಲಿ ಒಂದು ಸಿಮ್‌ಗೆ ದಿನಕ್ಕೆ 100 ಸಂದೇಶಗಳ ಮಿತಿಯನ್ನು ಜಾರಿಗೆ ತಂದು, ನವೆಂಬರಿನಲ್ಲಿ ಅದನ್ನು 200ಕ್ಕೆ ಏರಿಸಿತು. ಖಾಸಗಿ ಸಂದೇಶಗಳ ಮಟ್ಟಿಗೆ ದೆಹಲಿ ಉಚ್ಚ ನ್ಯಾಯಾಲಯವು 2012ರ ಜುಲೈನಲ್ಲಿ ಇದನ್ನು ರದ್ದುಪಡಿಸಿತು. ಮರುತಿಂಗಳೇ ವದಂತಿಗಳಿಗೆ ಹೆದರಿ ಈಶಾನ್ಯ ರಾಜ್ಯಗಳವರು ಬೆಂಗಳೂರಿನಿಂದ ರೈಲುಗಳಲ್ಲಿ ಹೊರಟಾಗ, ಏಕಕಾಲಕ್ಕೆ ಐವರಿಗಿಂತ ಹೆಚ್ಚು ಮಂದಿಗೆ ಸಂದೇಶ ರವಾನಿಸುವುದನ್ನು ಕೇಂದ್ರ ಸರ್ಕಾರವು 15 ದಿನಗಳ ಅವಧಿಗೆಂದು ನಿಷೇಧಿಸಿತು.

ಸೂರತ್ತಿನ ವರ್ತಕರು ತಮ್ಮ ಪಟ್ಟಿಯನ್ನು ಚಿಕ್ಕ ಕಂತುಗಳಾಗಿ ವಿಂಗಡಿಸಿ, ನಡುವೆ ಬಿಡುವು ಕೊಟ್ಟು ಕಳುಹಿಸಬಹುದು. ಇಲ್ಲವೇ ಸರ್ವರಿನ ಆಡಳಿತಗಾರರಿಗೆ ಮುಂಚಿತವಾಗಿ ತಿಳಿಸಿ ಮಿತಿಯನ್ನು ಸಡಿಲಿಸಿಕೊಳ್ಳಬಹುದು. ಏನನ್ನೂ ಕಳುಹಿಸದಿರುವಾಗಲೇ ಮಿತಿ ಮೀರಿದ ಉತ್ತರವು ಬಂದರೆ, ಮೊದಲು ಗಣಕಯಂತ್ರವನ್ನು ಜಾಲದಿಂದ ಬೇರ್ಪಡಿಸಿ ತಪಾಸಣೆ ಮಾಡಿಸಿ, ಬೇರೆ ಯಂತ್ರದಿಂದ ಗುಪ್ತಪದವನ್ನು ಬದಲಾಯಿಸತಕ್ಕದ್ದು.