ರೇಸ್ ಪಥದಲ್ಲಿ ಕಾರು ಚಾಲನೆ: ಒಬ್ಬ ಲೆಕ್ಕಪರಿಶೋಧಕನ ಟಿಪ್ಪಣಿಗಳು

ಈ ಪತ್ರಿಕೆಯ ಪುಟಗಳಲ್ಲಿ ತೆರಿಗೆ, ಬ್ಯಾಂಕ್ ಸಾಲ, ಲೆಕ್ಕಪತ್ರಗಳ ಕುರಿತು ಬರೆಯುತ್ತ ಬಂದಿರುವ ನಾನು ಈ ಬಾರಿ ಸ್ಪೋರ್ಟ್ಸ್ ಕಾರಿನ ಚಾಲನೆಯ ವಿಷಯವನ್ನು ಎತ್ತಿಕೊಂಡಿರುವುದು ಸದಸ್ಯ ಬಾಂಧವರಿಗೆ ಸೋಜಿಗವೆನಿಸಬಹುದು. ಇದಕ್ಕೆ ಕಾರಣರಾದವರು ಮಾನ್ವಿಯ ಅಕ್ಕಿ ಗಿರಣಿಯ ಮಾಲೀಕರೊಬ್ಬರು, ನನ್ನ ಹಳೆಯ ಕಕ್ಷಿದಾರರು. ಅವರ ಮಗ ಬೆಂಗಳೂರಿನಿಂದ ಎರಡು ಬಾಗಿಲಿನ, ಹಿಂಚಕ್ರ ಚಾಲನೆಯ ಸ್ಪೋರ್ಟ್ಸ್ ಕಾರೊಂದನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡು ತಂದಿದ್ದ. ರಾತ್ರಿ ಊಟವಾದ ಮೇಲೆ ದೇವದುರ್ಗದ ರಸ್ತೆಯಲ್ಲಿ ಅದರ ವೇಗವನ್ನು ಪರೀಕ್ಷಿಸುತ್ತಾನೆಂಬ ಸುದ್ದಿ ತಂದೆಯ ಕಿವಿಗೆ ಬಿದ್ದಿತ್ತು. ಲೆಕ್ಕದ ಪುಸ್ತಕಗಳನ್ನು ತಂದವರು ಅವನ್ನು ಮೇಜಿನ ಮೇಲಿಟ್ಟು, "ಸಾಹೇಬ್ರ, ನೀವರೆ ಒಂದು ಮಾತು ಹೇಳ್ರಿ. ನಮ್ಮ ಮಾತು ಕೇಳವಲ್ಲ" ಎಂದರು.

ಹುಡುಗನನ್ನು ಕರೆಸಿ ಮಾತನಾಡಿದೆ. "ಕಾಕಾ, ಇನ್ನ ರಸ್ತೆ ಮ್ಯಾಲೆ ಮಾಡಂಗಿಲ್ಲ. ಮದ್ರಾಸಿನ ಟ್ರ್ಯಾಕಿಗೆ ಹೆಸರು ಹಚ್ಚೀನಿ. ನೀವೂ ಬರ್ರಿ, ನೋಡ್ರಿ" ಎಂದು ನನ್ನನ್ನೇ ಕಟ್ಟಿಹಾಕಿದ. ಬುದ್ಧಿ ಹೇಳಲು ಕುಳಿತವನು ಹೀಗೆ ಐವತ್ತು ದಾಟಿದ ವಯಸ್ಸಿನಲ್ಲಿ, ನನ್ನ ಸಾಧಾರಣ ಸೆಡಾನ್ ಕಾರಿನೊಂದಿಗೆ, ರೇಸ್ ಪಥವನ್ನು ತುಳಿಯುವಂತಾಯಿತು.

ಕರ್ನಾಟಕದಲ್ಲಿ ರ‍್ಯಾಲಿಯ ಪರಂಪರೆ ಹಳೆಯದು. ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ ಕೆ-1000 ರ‍್ಯಾಲಿಯ ಹೆಸರನ್ನು ಅನೇಕರು ಕೇಳಿರಬಹುದು. ಆದರೆ ಕಾರು ಓಡಿಸುವ ಪೂರ್ಣ ಪ್ರಮಾಣದ ರೇಸ್ ಪಥಕ್ಕಾಗಿ ನಮ್ಮವರು ತಮಿಳುನಾಡಿಗೆ ಹೋಗುವುದೇ ರೂಢಿ. ಕೊಯಮತ್ತೂರಿನ ಬಳಿ ಕರಿ ಮೋಟಾರ್ ಸ್ಪೀಡ್‌ವೇ ಇದೆ. ಬೆಂಗಳೂರು-ಚೆನ್ನೈ ಹೆದ್ದಾರಿಯಲ್ಲಿ ಶ್ರೀಪೆರಂಬುದೂರಿನ ಸಮೀಪ ಇರುಂಗಾಟ್ಟುಕೋಟೈಯ ಪಥವಿದೆ. ಶೋಳಾವರಂನ ಹಳೆಯ ವಿಮಾನ ಓಡುದಾರಿಯಲ್ಲಿ ಬಹುಕಾಲ ರೇಸು ನಡೆಸಿದ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ 1990ರಲ್ಲಿ ಇದನ್ನು ಆರಂಭಿಸಿತು. 3.717 ಕಿ.ಮೀ. ಉದ್ದ, 12 ತಿರುವುಗಳು. ಈಗ ಇದಕ್ಕೆ ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್ ಎಂದು ಹೆಸರು. ಟ್ರ್ಯಾಕ್ ಡೇ ಎಂದರೆ ಇಂತಹ ಪಥವನ್ನು ಒಂದು ದಿನದ ಮಟ್ಟಿಗೆ ಬಾಡಿಗೆಗೆ ಪಡೆದು, ಹವ್ಯಾಸಿಗಳು ಶುಲ್ಕ ತೆತ್ತು ತಮ್ಮ ಸ್ವಂತ ಕಾರುಗಳನ್ನು ಓಡಿಸುವ ಏರ್ಪಾಡು. ಅದು ಸ್ಪರ್ಧೆಯಲ್ಲ, ಬಹುಮಾನವಿಲ್ಲ.

ಬೆಳಿಗ್ಗೆ ಮೊದಲು ನಡೆದದ್ದು ವಾಹನ ತಪಾಸಣೆ ಮತ್ತು ಪಾಠ. ಹಳದಿ ಬಾವುಟ ಕಂಡರೆ ಮುಂದೆ ಅಪಾಯವಿದೆ, ಹಿಂದಿಕ್ಕುವಂತಿಲ್ಲ. ಕೆಂಪು ಕಂಡರೆ ಓಟ ರದ್ದು. ನೀಲಿ ಕಂಡರೆ ಹಿಂದೆ ವೇಗದ ಕಾರು ಬರುತ್ತಿದೆ. ಕಪ್ಪು ಬಾವುಟ ತೋರಿಸಿದರೆ ಒಳಗೆ ಬಂದು ಕಾರಣ ಕೇಳಬೇಕು. ಹಿಂದಿಕ್ಕುವುದು ನೇರ ದಾರಿಯಲ್ಲಿ ಮಾತ್ರ, ಅದೂ ಮುಂದಿನವನು ಕೈಸನ್ನೆ ಮಾಡಿದ ಮೇಲೆ. ಹೊಸಬರಿಗೆ ಪ್ರತ್ಯೇಕ ಗುಂಪು, ಪಕ್ಕದ ಆಸನದಲ್ಲಿ ತರಬೇತುದಾರ, ಒಂದೊಂದು ಸರದಿಗೆ ಸುಮಾರು ಇಪ್ಪತ್ತು ನಿಮಿಷ.

ನನ್ನ ತರಬೇತುದಾರರು ಮೊದಲು ತಿದ್ದಿದ್ದು ನಾನು ಕುಳಿತ ಭಂಗಿಯನ್ನು. ಬೆನ್ನು ಆಸನಕ್ಕೆ ಆತುಕೊಂಡಿರುವಾಗ ಮಣಿಕಟ್ಟು ಸ್ಟೀರಿಂಗಿನ ಮೇಲಂಚಿಗೆ ತಲುಪಬೇಕು. ಬ್ರೇಕನ್ನು ಪೂರ್ತಿ ತುಳಿದಾಗಲೂ ಮೊಣಕಾಲು ಸ್ವಲ್ಪ ಬಾಗಿರಬೇಕು. ಮೂವತ್ತು ವರ್ಷ ಕಾರು ಓಡಿಸಿಯೂ ನಾನು ತಪ್ಪಾಗಿಯೇ ಕುಳಿತಿದ್ದೆ. ಅನಂತರ ಕಣ್ಣಿನ ಪಾಠ. ಹೊಸಬನ ದೃಷ್ಟಿ ಬಾನೆಟ್ಟಿನ ಮುಂದಿನ ಹತ್ತು ಹದಿನೈದು ಮೀಟರಿನಲ್ಲಿಯೇ ನೆಟ್ಟಿರುತ್ತದೆ. ತಿರುವಿಗೆ ಮುನ್ನ ಬ್ರೇಕ್ ಒತ್ತುವ ಸ್ಥಳವನ್ನು, ಅಲ್ಲಿಂದ ತಿರುವಿನ ಒಳಬದಿಯ ಬಿಂದುವನ್ನು, ಅದನ್ನು ಮುಟ್ಟುವ ಮೊದಲೇ ಹೊರಹೋಗುವ ಅಂಚನ್ನು ನೋಡುತ್ತಿರಬೇಕು. ಕಣ್ಣು ಹೋದತ್ತ ಕೈ ತಾನಾಗಿ ಹೋಗುತ್ತದೆ.

ಟೈರಿನ ಹಿಡಿತದ ವಿಷಯವನ್ನು ನಮ್ಮ ಭಾಷೆಯಲ್ಲಿಯೇ ಹೇಳುವುದಾದರೆ, ಅದು ಬ್ಯಾಂಕು ಮಂಜೂರು ಮಾಡಿದ ಸಿ.ಸಿ. ಮಿತಿಯಿದ್ದಂತೆ. ಬ್ರೇಕಿಗೂ ಅದೇ ಖಾತೆಯಿಂದ ಖರ್ಚು, ತಿರುಗಿಸುವುದಕ್ಕೂ ಅದೇ ಖಾತೆಯಿಂದ, ವೇಗ ಹೆಚ್ಚಿಸುವುದಕ್ಕೂ ಅದೇ. ಬ್ರೇಕಿಗಾಗಿ ಪೂರ್ತಿ ತೆಗೆದುಕೊಂಡವನಿಗೆ ತಿರುಗಿಸಲು ಶಿಲ್ಕು ಉಳಿಯುವುದಿಲ್ಲ. ಚಕ್ರ ತಿರುಗಿದ್ದರೂ ಕಾರು ನೇರವಾಗಿ ಹೋಗುತ್ತದೆ. ಆದ್ದರಿಂದ ಗಟ್ಟಿಯಾದ ಬ್ರೇಕು ನೇರ ದಾರಿಯಲ್ಲಿಯೇ ಮುಗಿಯಬೇಕು. ತಿರುಗಿಸುತ್ತ ಹೋದಂತೆ ಪಾದದ ಒತ್ತಡವನ್ನು ಅದೇ ಪ್ರಮಾಣದಲ್ಲಿ ಸಡಿಲಿಸುತ್ತ ಬರಬೇಕು. ಎ.ಬಿ.ಎಸ್. ಇರುವ ಕಾರಿನಲ್ಲಿ ಪೆಡಲು ಅದುರಿದರೆ ಹೆದರಿ ಕಾಲು ತೆಗೆಯಬಾರದು. ನಾನು ಎರಡು ಸಲ ತೆಗೆದೆ.

ತಿರುವನ್ನು ನಿಧಾನವಾಗಿ ಹೊಕ್ಕು ವೇಗವಾಗಿ ಹೊರಬರಬೇಕೆಂಬುದು ಹವ್ಯಾಸಿಗಳ ಮೂಲಪಾಠ. ನನಗೆ ಇದು ಮೊದಲು ಬಾಯಿಪಾಠದ ಮಾತೆನಿಸಿತು. ಮಧ್ಯಾಹ್ನದ ಬಿಡುವಿನಲ್ಲಿ ಲೆಕ್ಕ ಹಾಕಿ ನೋಡಿದೆ. 30 ಮೀಟರಿನ ತಿರುವನ್ನು ಗಂಟೆಗೆ 60ರ ಬದಲು 55 ಕಿ.ಮೀ.ನಲ್ಲಿ ದಾಟಿದರೆ ಆಗುವ ನಷ್ಟ ಸುಮಾರು 0.16 ಸೆಕೆಂಡು. ಆ ತಾಳ್ಮೆಯ ಫಲವಾಗಿ ಆಕ್ಸಿಲರೇಟರನ್ನು ಬೇಗನೆ ಒತ್ತಲು ಸಾಧ್ಯವಾಗಿ, ಮುಂದಿನ 200 ಮೀಟರ್ ನೇರ ದಾರಿಯಲ್ಲಿ ಸರಾಸರಿ 100ರ ಬದಲು 105 ಬಂದರೆ ಲಾಭ ಸುಮಾರು 0.34 ಸೆಕೆಂಡು. ನಷ್ಟದ ಎರಡು ಪಟ್ಟಿಗಿಂತ ಹೆಚ್ಚು! ಹೊಸಬನು ತಿರುವಿನೊಳಕ್ಕೆ ನುಗ್ಗಿ ಕಾಲು ಸೆಕೆಂಡಿಗೂ ಕಡಿಮೆ ಉಳಿಸಲು ಹೋಗಿ, ಮುಂದಿನ ನೇರ ದಾರಿಯುದ್ದಕ್ಕೂ ಬಡ್ಡಿ ಕಟ್ಟುತ್ತಾನೆ.

ಮೂರನೆಯ ಸರದಿಯಲ್ಲಿ ನನಗೆ ಸ್ವಲ್ಪ ಧೈರ್ಯ ಬಂದಿತ್ತು, ಅದೇ ಮುಳುವಾಯಿತು. ತಿರುವೊಂದನ್ನು ಹೆಚ್ಚಿನ ವೇಗದಲ್ಲಿ ಹೊಕ್ಕು, ಅರ್ಧದಲ್ಲಿ ಗಾಬರಿಯಾಗಿ ಆಕ್ಸಿಲರೇಟರಿನಿಂದ ಥಟ್ಟನೆ ಕಾಲೆತ್ತಿದೆ. ಕಾಲೆತ್ತಿದ ಕ್ಷಣ ಕಾರಿನ ಭಾರ ಮುಂದಕ್ಕೆ ವಾಲಿ ಹಿಂದಿನ ಚಕ್ರಗಳು ಹಗುರವಾಗುತ್ತವೆ ಎಂದು ಬೆಳಿಗ್ಗೆ ಬರೆದುಕೊಂಡಿದ್ದೆ. ಹಿಂಭಾಗ ಜಾರಿ, ಕಾರು ಒಂದು ಸುತ್ತು ತಿರುಗಿ, ಬಂದ ದಾರಿಯತ್ತ ಮುಖ ಮಾಡಿ ಹುಲ್ಲಿನಲ್ಲಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಪಕ್ಕದಲ್ಲಿದ್ದವರು ಬೈಯಲಿಲ್ಲ, "ಯಾವುದು ಮೊದಲು ತಪ್ಪಿತು?" ಎಂದು ಕೇಳಿದರು. ಕಾಲೆತ್ತಿದ್ದು ಎಂದೆ. ಅಲ್ಲ, ಅದಕ್ಕೂ ಮೊದಲು ಬ್ರೇಕ್ ಒತ್ತಿದ್ದು ತಡವಾಯಿತು, ಅದಕ್ಕೂ ಮೊದಲು ಕಣ್ಣು ಹತ್ತಿರದಲ್ಲಿತ್ತು ಎಂದರು. ಲೆಕ್ಕಪರಿಶೋಧನೆಯಲ್ಲಿ ತಾಳೆಯಾಗದ ಮೊತ್ತವನ್ನು ಹಿಂದಕ್ಕೆ ಹುಡುಕುತ್ತ ಮೂಲ ಚೀಟಿಯವರೆಗೆ ಹೋಗುವುದೂ ಹೀಗೆಯೇ.

ಅಲ್ಲಿಂದ ಮುಂದೆ ನಾನು ಮತ್ತು ಆ ಹುಡುಗ ಇಬ್ಬರೂ ಒಂದು ಪುಸ್ತಕ ಇಟ್ಟೆವು. ಒಂದು ಸರದಿಗೆ ಒಂದೇ ದೋಷ: ಈ ಬಾರಿ ಬ್ರೇಕಿನ ಸ್ಥಳ ಮಾತ್ರ, ಮುಂದಿನ ಬಾರಿ ದೃಷ್ಟಿ ಮಾತ್ರ. ಒಂದು ಸುತ್ತಿಗೆ ಹಿಡಿದ ಸಮಯವನ್ನು ಫೋನಿನ ಜಿ.ಪಿ.ಎಸ್. ಬರೆದಿಡುತ್ತದೆ. ಆದರೆ ಅತಿ ಕಡಿಮೆ ಸಮಯದ ಒಂದು ಸುತ್ತಿಗಿಂತ, ಸುತ್ತಿನಿಂದ ಸುತ್ತಿಗೆ ಇರುವ ಅಂತರವೇ ಹೆಚ್ಚು ತಿಳಿಸುತ್ತದೆ ಎಂಬುದು ನನ್ನ ಅಭಿಪ್ರಾಯ. ಬೆಳಿಗ್ಗೆ ಹುಡುಗನ ಸುತ್ತುಗಳ ನಡುವೆ ಎಂಟು ಹತ್ತು ಸೆಕೆಂಡುಗಳ ವ್ಯತ್ಯಾಸವಿತ್ತು. ಸಂಜೆಗೆ ಅದು ಎರಡಕ್ಕೆ ಇಳಿಯಿತು. ಆತ ತನ್ನ ಅತ್ಯುತ್ತಮ ಸುತ್ತನ್ನು ಹಾಕಿದ್ದು ವೇಗದ ಯೋಚನೆಯನ್ನೇ ಬಿಟ್ಟಿದ್ದ ಸರದಿಯಲ್ಲಿ.

ಯಂತ್ರದ ಬಗ್ಗೆ ಒಂದೆರಡು ಮಾತು. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ಡಾಟ್-4 ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿಯವರೆಗೆ ಕುದಿಯದಿರಬೇಕೆಂಬುದು ನಿಯಮ; ತೇವ ಹಿಡಿದದ್ದಕ್ಕೆ ಆ ಮಿತಿ 155 ಡಿಗ್ರಿ ಮಾತ್ರ. ಕುದಿದರೆ ಪೆಡಲು ನೆಲಕ್ಕೆ ಇಳಿಯುತ್ತದೆ, ಕಾರು ನಿಲ್ಲುವುದಿಲ್ಲ. ಹೋಗುವ ಮುನ್ನ ಅದನ್ನು ಬದಲಿಸಿ. ಪ್ರತಿ ಸರದಿಯ ಕೊನೆಯ ಸುತ್ತನ್ನು ನಿಧಾನವಾಗಿ ಓಡಿಸಿ ಬ್ರೇಕುಗಳನ್ನು ತಣಿಸಿ. ನಿಲ್ಲಿಸಿದ ಮೇಲೆ ಹ್ಯಾಂಡ್ ಬ್ರೇಕ್ ಎಳೆಯದೆ ಗೇರಿನಲ್ಲಿ ಬಿಡಿ. ಟೈರು ಬಿಸಿಯಾದಂತೆ ಗಾಳಿಯ ಒತ್ತಡ ಏರುವುದರಿಂದ ಪ್ರತಿ ಸರದಿಯ ನಂತರವೂ ಅಳೆಯಬೇಕು.

ಇನ್ನು ನನ್ನ ವೃತ್ತಿಗೆ ಸೇರಿದ ಮಾತು. ಖಾಸಗಿ ಕಾರಿನ ವಿಮಾ ಪಾಲಿಸಿಯ ಬಳಕೆಯ ಮಿತಿಗಳನ್ನು ಓದಿ ನೋಡಿ: ಸಂಘಟಿತ ರೇಸು, ವೇಗ ಪರೀಕ್ಷೆ ಮುಂತಾದವುಗಳಿಗೆ ರಕ್ಷಣೆ ಇಲ್ಲವೆಂದು ಸಾಮಾನ್ಯವಾಗಿ ಬರೆದಿರುತ್ತದೆ. ಸ್ಪರ್ಧೆಯಲ್ಲ, ಬರಿಯ ತರಬೇತಿ ಎಂದು ವಾದಿಸಬಹುದು. ಆದರೆ ಆ ವಾದ ಗೆಲ್ಲುತ್ತದೆಂದು ನಂಬಿ ಪಥಕ್ಕೆ ಇಳಿಯಬೇಡಿ. ಪಥದಲ್ಲಿ ಆಗುವ ಹಾನಿ ಪೂರ್ತಿಯಾಗಿ ನಿಮ್ಮದೇ ಎಂದು ತಿಳಿದು, ಅಷ್ಟು ನಷ್ಟವನ್ನು ತಾಳಬಲ್ಲ ಕಾರನ್ನೇ ಒಯ್ಯಿರಿ. ಶುಲ್ಕವನ್ನು ಗಿರಣಿಯ ಖರ್ಚಿಗೆ ಬರೆಯಲು ಹುಡುಗ ಕೇಳಿದ. ವ್ಯವಹಾರಕ್ಕಾಗಿಯೇ ಮಾಡಿದ ವೆಚ್ಚವಲ್ಲವಾದ್ದರಿಂದ ನಾನು ಒಪ್ಪಲಿಲ್ಲ. ಇಂತಹ ಕಾರಿನ ಮೇಲಿನ ಜಿ.ಎಸ್.ಟಿ.ಗೆ ಹೂಡುವಳಿ ತೆರಿಗೆ ಜಮೆಯೂ ಸಿಗುವುದಿಲ್ಲ. ಸಾರ್ವಜನಿಕ ರಸ್ತೆಯಲ್ಲಿ ಸರ್ಕಾರದ ಲಿಖಿತ ಒಪ್ಪಿಗೆಯಿಲ್ಲದೆ ರೇಸು ಅಥವಾ ವೇಗ ಪರೀಕ್ಷೆ ನಡೆಸಿದರಂತೂ, ಮೋಟಾರು ವಾಹನಗಳ ಕಾಯ್ದೆಯ 2019ರ ತಿದ್ದುಪಡಿಯ ಪ್ರಕಾರ ಮೊದಲ ತಪ್ಪಿಗೇ ಮೂರು ತಿಂಗಳವರೆಗೆ ಸೆರೆ ಅಥವಾ 5,000 ರೂ.ವರೆಗೆ ದಂಡ, ಇಲ್ಲವೆ ಎರಡೂ.

ದಂಡಕ್ಕಿಂತ ದೊಡ್ಡ ಲೆಕ್ಕ ಇನ್ನೊಂದಿದೆ. ಒಣ ರಸ್ತೆಯಲ್ಲಿ, ಒಳ್ಳೆಯ ಟೈರುಗಳ ಮೇಲೆ, 60 ಕಿ.ಮೀ. ವೇಗದ ಕಾರನ್ನು ನಿಲ್ಲಿಸಲು ಬ್ರೇಕಿಗೆ ಸುಮಾರು 18 ಮೀಟರು ಬೇಕು. 120ಕ್ಕೆ ಅದರ ಎರಡು ಪಟ್ಟಲ್ಲ, ನಾಲ್ಕು ಪಟ್ಟು, ಅಂದರೆ ಸುಮಾರು 70 ಮೀಟರು. ಕಾಲು ಬ್ರೇಕಿಗೆ ಹೋಗುವ ಒಂದು ಸೆಕೆಂಡಿನಲ್ಲಿ ಇನ್ನೂ 33 ಮೀಟರು ಕಳೆದಿರುತ್ತದೆ. ಒಟ್ಟು ನೂರು ಮೀಟರು! ಪಥದಲ್ಲಿ ಈ ನೂರು ಮೀಟರಿನಲ್ಲಿ ಯಾರೂ ಎದುರು ಬರುವುದಿಲ್ಲ; ತಪ್ಪಿದರೆ ಹುಲ್ಲು ಇದೆ, ಬಾವುಟದವನಿದ್ದಾನೆ, ಆಂಬುಲೆನ್ಸ್ ಇದೆ. ನಮ್ಮ ರಸ್ತೆಯಲ್ಲಿ ಸುಗ್ಗಿಯ ಕಾಲಕ್ಕೆ ಹಿಂದೀಪವಿಲ್ಲದ ಟ್ರ್ಯಾಕ್ಟರು, ಅಗಲಕ್ಕೆ ಹತ್ತಿ ತುಂಬಿದ ಲಾರಿ, ಡಾಂಬರಿನ ಮೇಲೆ ಒಣಹಾಕಿದ ಭತ್ತ, ಮನೆಗೆ ಮರಳುವ ಎಮ್ಮೆಗಳು. ಮಾನ್ವಿ ತಾಲ್ಲೂಕಿನ ಕಪಗಲ್ ಬಳಿ 2024ರ ಸೆಪ್ಟೆಂಬರಿನಲ್ಲಿ ಶಾಲಾ ಬಸ್ಸು ಮತ್ತು ಸಾರಿಗೆ ಬಸ್ಸು ಡಿಕ್ಕಿಯಾಗಿ ಮಕ್ಕಳು ಪ್ರಾಣ ಕಳೆದುಕೊಂಡದ್ದನ್ನು ಈ ಭಾಗದವರು ಯಾರೂ ಮರೆತಿಲ್ಲ.

ಹಿಂದಿರುಗಿದ ವಾರದಲ್ಲಿ ಗಿರಣಿಯ ಮಾಲೀಕರು ರಾಯಚೂರಿನ ಗಂಜಿಗೆ ಬಂದವರು ನನ್ನ ಕಚೇರಿಗೂ ಬಂದರು. ಕಾರು ಓಡಿಸಿದ್ದು ಮಗನೇ. ಕಪಗಲ್ ದಾಟಿದ ಮೇಲೆ ಭತ್ತದ ಟ್ರ್ಯಾಕ್ಟರಿನ ಹಿಂದೆ ಬಹಳ ದೂರ ಸುಮ್ಮನೆ ಬಂದನಂತೆ, ಎದುರು ಕಾಣುವವರೆಗೂ ಹಿಂದಿಕ್ಕಲಿಲ್ಲವಂತೆ. "ಇಷ್ಟ್ಯಾಕ ಸಾವಕಾಶ ಅಂತ ನಾನಽ ಕೇಳಿದೆ ನೋಡ್ರಿ" ಎಂದು ನಕ್ಕರು. ಹುಡುಗ ಕೆಳಗೆ ಗ್ಯಾರೇಜಿನವನೊಂದಿಗೆ ಮಾತನಾಡುತ್ತ ನಿಂತಿದ್ದ. ಗಿರಣಿಯ ಬೊಲೆರೊ ಪಿಕಪ್‌ಗಳ ಬ್ರೇಕ್ ಆಯಿಲನ್ನು ಕೊನೆಯ ಸಲ ಯಾವಾಗ ಬದಲಿಸಿದ್ದೆಂದು ಕೇಳುತ್ತಿದ್ದ. ಗ್ಯಾರೇಜಿನವನಿಗೆ ನೆನಪಿರಲಿಲ್ಲ.