ಆಪರೇಷನ್ ಆದವರನ್ನು ಮಲಗಿಸಿಯೇ ಇಡಬೇಡಿ

ಬೆಳಿಗ್ಗೆ ಆಪರೇಷನ್ ಎಂದರೆ ಹಿಂದಿನ ರಾತ್ರಿಯಿಂದಲೇ ತೊಟ್ಟು ನೀರೂ ಇಲ್ಲ. ಸರದಿ ಬರುವಷ್ಟರಲ್ಲಿ ಮಧ್ಯಾಹ್ನ. ಬಾಯಿ ಒಣಗಿ, ತಲೆ ಸುತ್ತಿ, ರೋಗಿ ಅರ್ಧ ಸೋತೇ ಥಿಯೇಟರ್ ಸೇರುತ್ತಾರೆ. ಹೊರಬಂದ ಮೇಲೆ ಮತ್ತೆ ಉಪವಾಸ: ‘ಗಾಳಿ ಹೋಗುವವರೆಗೆ ಏನೂ ಕೊಡಬೇಡಿ.’ ಕೈಗೆ ಗ್ಲೂಕೋಸ್ ಬಾಟಲಿ, ಮಂಚದ ಪಕ್ಕ ಮೂತ್ರದ ಚೀಲ, ‘ಹೊಲಿಗೆ ಬಿಟ್ಟೀತು, ಅಲುಗಾಡಬೇಡ’ ಎನ್ನುವ ಮನೆಯವರು. ನಮ್ಮ ಎಷ್ಟೋ ಆಸ್ಪತ್ರೆಗಳಲ್ಲಿ ಇಂದಿಗೂ ಇದೇ ರೂಢಿ.

ಈ ರೂಢಿಯನ್ನು 1990ರ ದಶಕದಲ್ಲಿ ಪ್ರಶ್ನಿಸಿದವರು ಡೆನ್ಮಾರ್ಕಿನ ಶಸ್ತ್ರವೈದ್ಯ ಹೆನ್ರಿಕ್ ಕೆಲೆಟ್. ದೊಡ್ಡ ಕರುಳಿನ ಆಪರೇಷನ್ ಆದವರ ನೋವನ್ನು ಚೆನ್ನಾಗಿ ತಗ್ಗಿಸಿ, ಬೇಗ ಊಟ ಕೊಟ್ಟು, ಬೇಗ ಎಬ್ಬಿಸಿ ನಡೆಸಿದರು. ವಾರಕ್ಕೂ ಹೆಚ್ಚು ಆಸ್ಪತ್ರೆಯಲ್ಲಿ ಇರಬೇಕಿದ್ದವರಲ್ಲಿ ಅನೇಕರು ಎರಡು–ಮೂರು ದಿನಕ್ಕೇ ಮನೆ ಸೇರಿದರು. ಈ ಕ್ರಮ ಇಂದು ‘ಇರಾಸ್’ (ಆಪರೇಷನ್ ನಂತರದ ಸುಧಾರಿತ ಚೇತರಿಕೆ) ಎಂಬ ಹೆಸರಿನಲ್ಲಿ ಜಗತ್ತಿನಾದ್ಯಂತ ಹಬ್ಬಿದೆ.

ಇದಕ್ಕೆ ದುಬಾರಿ ಯಂತ್ರ ಬೇಕಿಲ್ಲ. ತೊಡಕಿಲ್ಲದ ರೋಗಿಗೆ ಅರಿವಳಿಕೆಗೆ ಆರು ಗಂಟೆ ಮೊದಲಿನವರೆಗೆ ಲಘು ಆಹಾರ, ಎರಡು ಗಂಟೆ ಮೊದಲಿನವರೆಗೆ ನೀರು, ಸೋಸಿದ ಹಣ್ಣಿನ ರಸ, ಹಾಲು ಹಾಕದ ಚಹಾ ಕೊಡಬಹುದು. ಹಾಲು, ಗಂಜಿ ಮಾತ್ರ ನೀರಿನ ಲೆಕ್ಕಕ್ಕೆ ಬರುವುದಿಲ್ಲ. ಆಪರೇಷನ್ ನಂತರ ಪ್ಯಾರಾಸಿಟಮಾಲ್‌ನಂಥ ಅಗ್ಗದ ಮಾತ್ರೆಯನ್ನು ನೋವು ಏರುವ ಮೊದಲೇ ಗಂಟೆ ತಪ್ಪದೆ ಕೊಡಬೇಕು. ನೋವು ತಗ್ಗಿದರೆ ರೋಗಿ ಏಳುತ್ತಾರೆ, ಕೆಮ್ಮಿ ಕಫ ತೆಗೆಯುತ್ತಾರೆ. ನಡೆದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಭಯ ಕಡಿಮೆ. ಸಿಸೇರಿಯನ್ ಆದ ತಾಯಿ ಕೆಲವೇ ಗಂಟೆಗಳಲ್ಲಿ ಊಟ ಶುರುಮಾಡಿದರೆ ಕರುಳು ಬೇಗ ಚುರುಕಾಗುತ್ತದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ–5ರ (2019–21) ಪ್ರಕಾರ ಕರ್ನಾಟಕದಲ್ಲಿ ಶೇ 31.5ರಷ್ಟು ಹೆರಿಗೆಗಳು ಸಿಸೇರಿಯನ್. ಈ ಒಂದು ಆಪರೇಷನ್‌ನಲ್ಲಿ ಕ್ರಮ ಬದಲಾದರೂ ಎಷ್ಟು ತಾಯಂದಿರಿಗೆ ಅನುಕೂಲ!

ಕೂಲಿಯ ಮನೆಯಲ್ಲಿ ಒಬ್ಬರು ಹಾಸಿಗೆ ಹಿಡಿದರೆ ಜೊತೆಗಿರುವ ಇನ್ನೊಬ್ಬರ ದುಡಿಮೆಯೂ ನಿಲ್ಲುತ್ತದೆ. ಬೇಗ ಗುಣವಾಗುವುದು ಬಡವರಿಗೇ ಹೆಚ್ಚು ಬೇಕು. ಆದರೆ ಮಂಚ ಖಾಲಿ ಮಾಡಿಸುವ ಅವಸರಕ್ಕೆ ಇದು ನೆಪವಾಗಬಾರದು. 25 ಆಫ್ರಿಕನ್ ದೇಶಗಳಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆಪರೇಷನ್ ಆದವರ ಸಾವಿನ ಪ್ರಮಾಣ ಜಾಗತಿಕ ಸರಾಸರಿಯ ಎರಡರಷ್ಟಿತ್ತು. ಸತ್ತವರಲ್ಲಿ ಬಹುಪಾಲು ಜನ ಕೊನೆಯುಸಿರೆಳೆದದ್ದು ಆಪರೇಷನ್ ದಿನವಲ್ಲ, ನಂತರದ ದಿನಗಳಲ್ಲಿ. ಹಾಗಾಗಿ ವಾರ್ಡಿಗೆ ಸಾಕಷ್ಟು ನರ್ಸ್‌ಗಳು ಬೇಕು. ಮನೆಗೆ ಹೋದ ಮೇಲೆ ಜ್ವರವೋ ಕೀವೋ ಕಂಡರೆ ಕರೆ ಮಾಡಲು ಒಂದು ಫೋನ್ ನಂಬರ್ ಬೇಕು. ನಮ್ಮ ರಾಜ್ಯದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 47.8 ಮಂದಿಗೆ ರಕ್ತಹೀನತೆ ಇತ್ತು ಎನ್ನುತ್ತದೆ ಅದೇ ಕುಟುಂಬ ಆರೋಗ್ಯ ಸಮೀಕ್ಷೆ. ಹಾಗಾಗಿ ಚೇತರಿಕೆಯ ಸಿದ್ಧತೆ ಆಪರೇಷನ್‌ಗೆ ವಾರಗಳ ಮೊದಲೇ, ರಕ್ತಪರೀಕ್ಷೆಯಿಂದಲೇ ಶುರುವಾಗಬೇಕು.

ನಿಮ್ಮ ಮನೆಯಲ್ಲಿ ಯಾರಿಗಾದರೂ ಆಪರೇಷನ್ ನಿಗದಿಯಾಗಿದ್ದರೆ ವೈದ್ಯರನ್ನು ಸಂಕೋಚವಿಲ್ಲದೆ ಕೇಳಿ: ನೀರು ಎಷ್ಟು ಹೊತ್ತಿನವರೆಗೆ ಕುಡಿಯಬಹುದು? ಊಟ ಯಾವಾಗ? ಯಾವಾಗ ಎದ್ದು ನಡೆಯಬೇಕು? ತೊಂದರೆಯಾದರೆ ಯಾರಿಗೆ ಫೋನ್ ಮಾಡಬೇಕು? ಸಕ್ಕರೆ ಕಾಯಿಲೆ ಇರುವವರಿಗೆ, ತುರ್ತು ಆಪರೇಷನ್ ಆಗುವವರಿಗೆ ಉತ್ತರ ಬೇರೆ ಇರಬಹುದು. ಅರಿವಳಿಕೆ ತಜ್ಞರ ಮಾತೇ ಅಂತಿಮ. ಆದರೆ ಕೇಳುವ ಹಕ್ಕು ಪ್ರತಿಯೊಬ್ಬ ರೋಗಿಗೂ ಇದೆ.